ಕೈ ಕೆಲಸ, ಬಾಯಿ ಕೆಲಸ

ಎರಡು ವರ್ಷದ ಹಿಂದೆ ನನಗೊಂದು ಕುರ್ಚಿ ಬಂತು. ಮದುವೆ ಮನೆಗಳಲ್ಲಿ ಒಂದರೊಳಗೊಂದು ಸೇರಿಸಿ ಗೋಡೆಗೆ ಪೇರಿಸಿಡುತ್ತಾರಲ್ಲ, ಅಂಥ ಕೆಂಪು ಪ್ಲಾಸ್ಟಿಕ್ ಕುರ್ಚಿ. ಅದರ ಒಂದು ಕಾಲಿಗೂ ಉಳಿದ ಮೂರಕ್ಕೂ ಅಷ್ಟೇನೂ ಸರಿಬರುತ್ತಿರಲಿಲ್ಲ. ನಮ್ಮ ನಾಡಿನಲ್ಲಿ ಕುರ್ಚಿಗಾಗಿ ಯಾರು ಯಾರು ಏನೇನು ಮಾಡುತ್ತಾರೆಂಬುದನ್ನು ನೀವು ದಿನಪತ್ರಿಕೆಯಲ್ಲಿ ಓದಿಯೇ ಇರುತ್ತೀರಿ. ನಾನು ಅಂಥದ್ದೇನನ್ನೂ ಮಾಡಿರಲಿಲ್ಲ. ಹದಿನೆಂಟು ವರ್ಷ ಟೊಮೆಟೊ ಹೂವಿನ ಮುಂದೆ ಬೆನ್ನು ಬಗ್ಗಿಸಿ ನಿಂತಿದ್ದೆ, ಅಷ್ಟೆ. ಬೆನ್ನು ಬಗ್ಗಿಸಿದವರಿಗೆ ಕಡೆಗೊಮ್ಮೆ ಬೆನ್ನು ಆನಿಸಲು ಏನಾದರೊಂದು ಸಿಗಬೇಕೆಂಬುದು ನ್ಯಾಯವೇ. ಆದರೆ ಕೂರಲು ಹೋದಾಗ ಗೊತ್ತಾಯಿತು, ನನ್ನ ಬೆನ್ನಿಗೆ ಆನಿಕೊಳ್ಳುವುದೇ ಮರೆತುಹೋಗಿತ್ತು.

ಕೆಲಸ ಏನೆಂದು ಹೇಳದೆ ಮುಂದೆ ಹೋದರೆ ನಿಮಗೆ ಗೊಂದಲವಾದೀತು. ನಮ್ಮೂರು ಮೋಟೆಬೆನ್ನೂರಿನಿಂದ ರಾಣೇಬೆನ್ನೂರಿನ ಕಡೆಗೆ ಹೆದ್ದಾರಿ ಹಿಡಿದು ಹೋದರೆ ಹೊಲಗಳ ನಡುವೆ ಅಲ್ಲಲ್ಲಿ ಬಿಳಿಯ ಬಲೆ ಹೊದ್ದ ಡೇರೆಗಳಂಥವು ಕಾಣುತ್ತವೆ. ಅವುಗಳೊಳಗೆ ಬೆಳೆಯುವುದು ಟೊಮೆಟೊ. ಆದರೆ ಸಾರಿಗಲ್ಲ, ಬೀಜಕ್ಕೆ. ಗಂಡು ತಳಿಯ ಗಿಡಗಳು ಒಂದು ಕಡೆ, ಹೆಣ್ಣು ತಳಿಯವು ಇನ್ನೊಂದು ಕಡೆ. ಹೆಣ್ಣು ಗಿಡದ ಮೊಗ್ಗು ಅರಳುವ ಮುನ್ನಾದಿನ ಅದನ್ನು ಚಿಮಟದಿಂದ ಬಿಡಿಸಿ, ಒಳಗಿನ ಹಳದಿ ಕೇಸರವನ್ನಷ್ಟೇ ಕಿತ್ತು, ನಡುವಿನ ಸೂಜಿಯಂಥ ಹಸಿರು ಕಡ್ಡಿಗೆ ಏನೂ ಆಗದಂತೆ ಉಳಿಸಬೇಕು. ಮರುದಿನ ಬೆಳಗ್ಗೆ ಆ ಕಡ್ಡಿಯ ತುದಿಗೆ ಗಂಡು ಹೂವಿನ ಪುಡಿ ಹಚ್ಚಿ, ಗುರುತಿಗೆಂದು ಹೂವಿನ ಬುಡದ ಎರಡು ಪುಟ್ಟ ಹಸಿರು ಎಲೆಗಳನ್ನು ಕತ್ತರಿಸಬೇಕು. ಕೇಸರದ ಒಂದೇ ಒಂದು ಚೂರು ಒಳಗುಳಿದರೂ ಹೂವು ನಮ್ಮನ್ನು ಕೇಳದೆ ತನ್ನಷ್ಟಕ್ಕೆ ತಾನು ಕಾಯಿ ಕಟ್ಟಿಬಿಡುತ್ತದೆ. ಸೃಷ್ಟಿ ಮೊದಲಾದಂದಿನಿಂದ ಹೂವುಗಳು ಮಾಡಿಕೊಂಡು ಬಂದ ಈ ಸಹಜವಾದ ಕೆಲಸಕ್ಕೆ ನಮ್ಮ ಬಲೆಯೊಳಗೆ ‘ತಪ್ಪು’ ಎಂದು ಹೆಸರು. ಅಂಥ ಕಾಯಿಯ ಬೀಜ ಕಂಪನಿಗೆ ಬೇಕಾದ ಮಿಶ್ರತಳಿಯಲ್ಲ. ಪರೀಕ್ಷೆಯಲ್ಲಿ ಅಂಥವು ಹೆಚ್ಚು ಕಂಡರೆ ಇಡೀ ತೋಟದ ಬೀಜವನ್ನೇ ಬೇಡವೆನ್ನುತ್ತಾರೆ.

ಈ ವಿದ್ಯೆಯನ್ನು ನನಗೆ ಕಲಿಸಿದವರು ಬ್ಯಾಡಗಿಯ ಮಾಬೂಬಿ. ನಾವೆಲ್ಲ ಅವರನ್ನು ಖಾಲಾ ಎನ್ನುತ್ತೇವೆ. ಅವರ ಮನೆಮಾತಿನಲ್ಲಿ ಹಾಗೆಂದರೆ ತಾಯಿಯ ತಂಗಿ. ಮೊದಲು ಅವರು ತಮ್ಮೂರಿನಲ್ಲೇ ಮೆಣಸಿನಕಾಯಿಯ ತೊಟ್ಟು ಮುರಿಯುವ ಕೆಲಸಕ್ಕೆ ಹೋಗುತ್ತಿದ್ದರಂತೆ. ಆ ಘಾಟಿಗೆ ಸೀನಿ ಸೀನಿ ಸಾಕಾಗಿ, ಸೀನಿದರೆ ಹಾರಿಹೋಗುವಂಥ ಹೂವಿನ ಕೆಲಸಕ್ಕೆ ಬಂದೆನೆಂದು ನಗುತ್ತಿದ್ದರು. ನಾನು ಮೊದಲ ದಿನ ಹತ್ತು ಮೊಗ್ಗು ಬಿಡಿಸಿ ಹತ್ತನ್ನೂ ಮುರಿದಾಗ ಅವರು ಬೈಯಲಿಲ್ಲ. ನನ್ನ ಮಣಿಕಟ್ಟು ಹಿಡಿದುಕೊಂಡು, “ಹೂವಿಗೆ ಗೊತ್ತಾಗಬಾರದು ನೋಡ ಕಸ್ತೂರಿ. ಮಲಗಿದ ಕೂಸಿನ ಕೈಯಾಗಿಂದ ಆಟಗಿ ಸಾಮಾನ ತಗೀತೀವಲ್ಲ, ಹಂಗ ತಗೀಬೇಕು” ಎಂದಿದ್ದರು. ಆಮೇಲೆ ಬೈದರು ಬಿಡಿ, ಹದಿನೆಂಟು ವರ್ಷ ಬೈದರು. ಆದರೆ ಕೈ ಕೂತದ್ದು ಆ ಮೊದಲ ಮಾತಿಗೆ.

ನನ್ನ ಕೈ ಎಷ್ಟು ಚೆನ್ನಾಗಿ ಕೂತಿತೆಂದರೆ, ಬೀಜದ ಕಂಪನಿಯಿಂದ ತೋಟ ನೋಡಲು ಬರುವ ಆಫೀಸರರು ಒಂದು ದಿನ ನನ್ನ ಸಾಲಿನ ಮುಂದೆ ಬಹಳ ಹೊತ್ತು ನಿಂತು, ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡಿ, ಹೀಗೆ ಹೇಳಿದರು: “ಕಸ್ತೂರಿ ಅವರ, ನಿಮ್ಮಷ್ಟು ಚಲೋ ಕೈ ಈ ಭಾಗದಾಗ ಯಾರದೂ ಇಲ್ಲ. ಅದಕ್ಕ ನಾಳಿಂದ ನೀವು ಕೈ ಹಚ್ಚೂದ ಬ್ಯಾಡ.”

ಈ ತರ್ಕವನ್ನು ನಾನು ಇಂದಿಗೂ ಆಗಾಗ ಮನಸ್ಸಿನಲ್ಲಿ ತಿರುಗಿಸಿ ನೋಡುತ್ತಿರುತ್ತೇನೆ. ಚೆನ್ನಾಗಿ ಹಾಡುವವರಿಗೆ ಯಾರೂ ಇನ್ನು ಮೇಲೆ ಹಾಡಬೇಡಿ ಎನ್ನುವುದಿಲ್ಲ. ರುಚಿಯಾಗಿ ಅಡುಗೆ ಮಾಡುವವಳನ್ನು ಒಲೆಯ ಮುಂದಿನಿಂದ ಎಬ್ಬಿಸಿ ಬಾಗಿಲಲ್ಲಿ ನಿಲ್ಲಿಸುವುದಿಲ್ಲ. ಆದರೆ ಕೆಲಸ ಬಲ್ಲವರಿಗೆ ಕೊಡಬಹುದಾದ ದೊಡ್ಡ ಬಹುಮಾನವೆಂದರೆ ಆ ಕೆಲಸದಿಂದ ಬಿಡುಗಡೆ ಎಂಬುದು ಎಲ್ಲೆಡೆ ಒಪ್ಪಿತವಾದ ಸಂಗತಿಯಂತೆ. ಕೈಯ ಲೆಕ್ಕದಲ್ಲಿ ಆ ಪದವಿ ಖಾಲಾಗೆ ಸಲ್ಲಬೇಕಿತ್ತು. ಆದರೆ ಅವರಿಗೆ ಬರೆಯಲು ಬಾರದು, ನಾನು ಹತ್ತನೆಯ ತರಗತಿ ಪಾಸಾದವಳು. ಹೀಗೆ, ಹೂವು ಬಲ್ಲವರಿಗಿಂತ ಹೂವಿನ ವಿಷಯ ಬರೆಯಬಲ್ಲವಳು ಮೇಲಾದಳು.

ಮೇಲ್ವಿಚಾರಕಿ ಎಂದು ನನ್ನ ಗುರುತಿನ ಚೀಟಿಯಲ್ಲಿ ಬರೆದಿದ್ದರು. ಮೇಲೆ ನಿಂತು ವಿಚಾರಿಸುವವಳೋ, ಮೇಲ್ಮೇಲೆ ವಿಚಾರಿಸುವವಳೋ ಆ ಪದಕ್ಕೇ ಸ್ಪಷ್ಟವಿದ್ದಂತಿಲ್ಲ. ನಮ್ಮ ಹೆಂಗಸರಿಗೆ ಅದು ನಾಲಿಗೆಗೆ ಭಾರವಾಯಿತು. ಸೂಪರ್‌ವೈಸರ್ ಎಂಬುದೂ ಹೊರಳಲಿಲ್ಲ. ಖಾಲಾ ಎರಡೇ ದಿನದಲ್ಲಿ ಅದನ್ನು ‘ಸೂಪರ್‌ಬಾಯಿ’ ಮಾಡಿದರು. ನಮ್ಮ ಕಡೆ ಹೆಂಗಸರನ್ನು ಗೌರವದಿಂದ ಬಾಯಿ ಎನ್ನುವುದುಂಟು. ಮುಖದ ಬಾಯಿಯೂ ಬಾಯಿಯೇ. ಅವರು ಯಾವ ಅರ್ಥದಲ್ಲಿ ಅಂದರೋ, ನನಗೆ ಮಾತ್ರ ಎರಡನೆಯದೇ ಚುಚ್ಚಿತು. ಕೈ ಕೆಲಸದವಳು ಬಾಯಿ ಕೆಲಸಕ್ಕೆ ಬಂದಿದ್ದೆ, ಮತ್ತು ನನ್ನ ಬಾಯಿಗೆ ಯಾರೂ ಏನನ್ನೂ ಕಲಿಸಿರಲಿಲ್ಲ.

ಮೊದಲ ಬದಲಾವಣೆ ಕಂಡದ್ದು ಟಂಟಂನಲ್ಲಿ. ಬೆಳಗ್ಗೆ ಬ್ಯಾಡಗಿಯಿಂದ ಹೆಂಗಸರನ್ನು ತುಂಬಿಕೊಂಡು ಬರುವ ಆ ಮೂರು ಗಾಲಿಯ ಬಂಡಿ ಮೋಟೆಬೆನ್ನೂರಿನಲ್ಲಿ ನನ್ನನ್ನೂ ಗಂಗವ್ವನನ್ನೂ ಹತ್ತಿಸಿಕೊಳ್ಳುತ್ತದೆ. ಗಂಗವ್ವ ನನ್ನ ಓಣಿಯವಳು, ನನ್ನ ವಾರಿಗೆಯವಳು. ಹಿಂದಿನ ಸೀಟಿನಲ್ಲಿ ಅವಳ ಅರ್ಧ ತೊಡೆಯ ಮೇಲೆ ನಾನು, ನನ್ನ ಬುತ್ತಿಗಂಟಿನ ಮೇಲೆ ಅವಳ ಮೊಣಕೈ, ಹೀಗೆ ಎಷ್ಟೋ ವರ್ಷ ಹೋಗಿದ್ದೆವು. ಕುರ್ಚಿ ಬಂದ ಮರುದಿನ ನಾನು ಹತ್ತಲು ಹೋದರೆ ಗಂಗವ್ವ, “ಮುಂದ ಕುಂದ್ರಿ ಮೇಡಂ, ಡ್ರೈವರ್ ಮಗ್ಗಲ ಜಾಗಾ ಬಿಡಿಸೇವಿ” ಎಂದಳು. ಅವಳ ಮುಖದಲ್ಲಿ ಕುಹಕವಿರಲಿಲ್ಲ. ಅದಿದ್ದರೆ ಬೈದು ಹಿಂದೆ ಕೂರಬಹುದಿತ್ತು. ಇದ್ದದ್ದು ನಿಜವಾದ ಮರ್ಯಾದೆ; ಹೋಗಿ ಮುಂದೆ ಕುಳಿತೆ. ನಿನ್ನೆಯವರೆಗೆ ‘ನೀ’ ಎನ್ನುತ್ತಿದ್ದವಳ ಬಾಯಲ್ಲಿ ‘ರಿ’ ಎಂಬ ಒಂದಕ್ಷರ ಬಂದು ನಮ್ಮಿಬ್ಬರ ನಡುವೆ ಬೇಲಿಯಂತೆ ನಿಂತಿತು. ಹಿಂದಿನ ಸೀಟಿನ ಮಾತು, ನಗು, ಯಾರದೋ ಸೊಸೆಯ ದೂರು ಎಲ್ಲವೂ ನನ್ನ ಬೆನ್ನಿಗೆ ಕೇಳುತ್ತಿದ್ದವು, ಮುಖಕ್ಕೆ ಗಾಳಿಯೊಂದೇ. ಮಧ್ಯಾಹ್ನ ಬುತ್ತಿ ಬಿಚ್ಚುವಾಗಲೂ ನಾನು ಹೋದ ಕೂಡಲೇ ಎಲ್ಲರೂ ಸರಿದು ಜಾಗ ಮಾಡುತ್ತಿದ್ದರು. ಜಾಗದ ಜೊತೆಗೆ ಮಾತೂ ಸರಿಯುತ್ತಿತ್ತು.

ತಿಂಗಳೊಪ್ಪತ್ತಿನಲ್ಲಿ ಇದಕ್ಕೆಲ್ಲ ಒಗ್ಗಿಕೊಂಡೆ. ಸಾಲು ಸಾಲಾಗಿ ನಡೆದು ಅಲ್ಲೊಂದು ಇಲ್ಲೊಂದು ಹೂವು ಬಿಡಿಸಿ ನೋಡುವುದು, ತಪ್ಪು ಕಂಡರೆ ಹೇಳುವುದು, ವಹಿಯಲ್ಲಿ ಬರೆಯುವುದು. ಹೇಳುವುದನ್ನು ನಾನು ಬಹಳ ನಯವಾಗಿ ಮಾಡುತ್ತಿದ್ದೆ. ಎಷ್ಟು ನಯವೆಂದರೆ, ಕೇಳಿದವರಿಗೆ ತಪ್ಪು ತಮ್ಮದೋ ಹೂವಿನದೋ ಎಂಬ ಅನುಮಾನ ಉಳಿಯುತ್ತಿತ್ತು.

ಹೀಗಿರುವಾಗ ಒಂದು ಬೆಳಗ್ಗೆ ಹನ್ನೊಂದನೆಯ ಸಾಲಿನಲ್ಲಿ ಹತ್ತು ಹೂವು ನೋಡಿದೆ. ನಾಲ್ಕರಲ್ಲಿ ಹಳದಿ ಚೂರು ಉಳಿದಿತ್ತು. ಮತ್ತೆ ಹತ್ತು ನೋಡಿದೆ, ಮೂರರಲ್ಲಿ. ಹೊಸಬರ ಸಾಲಿನಲ್ಲೂ ಇಷ್ಟು ತಪ್ಪು ಸಿಗುವುದಿಲ್ಲ. ಹನ್ನೊಂದನೆಯ ಸಾಲು ಖಾಲಾದು.

ಅಂದು ದಿನವಿಡೀ ದೂರದಿಂದ ಅವರನ್ನು ನೋಡಿದೆ. ನೋಡಿದ ಮೇಲೆ, ಇಷ್ಟು ದಿನ ಕಾಣದೆ ಹೋದದ್ದು ಹೇಗೆಂದು ನನ್ನ ಮೇಲೆಯೇ ಬೇಸರವಾಯಿತು. ಮೊಗ್ಗನ್ನು ಮೂಗಿನ ತನಕ ಎತ್ತಿ ಹಿಡಿಯುತ್ತಿದ್ದರು. ಬೆರಳ ತುದಿಯಿಂದ ಸವರಿ ಗಾತ್ರ ತಿಳಿದುಕೊಳ್ಳುತ್ತಿದ್ದರು. ಬಿಸಿಲು ಬಿದ್ದ ಕಡೆಯ ಗಿಡಗಳನ್ನು ಮೊದಲು ಮುಗಿಸಿ, ನೆರಳಿನವನ್ನು ಸುಮ್ಮನೆ ಮುಟ್ಟಿಕೊಂಡು ಹೋಗುತ್ತಿದ್ದರು. ಹತ್ತಿರ ಹೋಗಿ ನೋಡಿದರೆ ಎರಡೂ ಕಣ್ಣಿನ ಪಾಪೆಯಲ್ಲಿ ಮಬ್ಬು ಬಿಳಿ ಇತ್ತು. ನಮ್ಮ ಬಲೆಯಲ್ಲಿ ಅತ್ಯಂತ ಚುರುಕಾಗಿದ್ದ ಆ ಕಣ್ಣಿಗೆ ಪೊರೆ ಬಂದಿತ್ತು.

ಈಗ ಮಾಡಬೇಕಾದದ್ದು ಒಂದೇ ಮಾತು ಹೇಳುವುದು. ಆ ಒಂದು ಮಾತಿಗಾಗಿ ತಾನೇ ನನಗೆ ಕುರ್ಚಿ, ವಹಿ, ಮುಂದಿನ ಸೀಟು ಎಲ್ಲ ಕೊಟ್ಟದ್ದು. ಮೂರು ಸಲ ಅವರ ಹತ್ತಿರ ಹೋದೆ. ಒಮ್ಮೆ, “ಊಟ ಆತೇನ್ರಿ ಖಾಲಾ?” ಎಂದೆ, ಅವರು ಎಲೆಯಡಿಕೆ ಅಗಿಯುತ್ತಿದ್ದರು. ಇನ್ನೊಮ್ಮೆ, “ಭಾಳ ಬಿಸಲ ಐತಿ” ಎಂದೆ. ಮೂರನೆಯ ಸಲ ಏನೂ ಹೇಳದೆ ಅವರ ಕೊಡಕ್ಕೆ ನೀರು ತುಂಬಿಸಿಟ್ಟು ಬಂದೆ. ಕಲಿಸಿದವರ ತಪ್ಪನ್ನು ಕಲಿತವರು ಎತ್ತಿ ಆಡಬಾರದೆಂದು ನನಗೆ ನಾನೇ ಒಂದು ಧರ್ಮಸೂಕ್ಷ್ಮ ಹೇಳಿಕೊಂಡೆ. ಹೇಡಿತನಕ್ಕೆ ಧರ್ಮದ ಅಂಗಿ ಎಷ್ಟು ಚೆನ್ನಾಗಿ ಒಪ್ಪುತ್ತದೆಂದರೆ, ಹೊಲಿಸಿಕೊಂಡವರಿಗೇ ಒಳಗಿರುವುದು ಯಾರೆಂದು ಮರೆತುಹೋಗುತ್ತದೆ.

ಬಾಯಿ ಕೈಕೊಟ್ಟಿತು, ಕೈಯೇ ಮುಂದೆ ಬಂತು. ಮರುದಿನದಿಂದ ಟಂಟಂ ಬಿಟ್ಟು ಮೊದಲ ಬಸ್ಸು ಹಿಡಿದು, ಯಾರೂ ಬರುವುದಕ್ಕೆ ಮುಂಚೆ ಬಲೆಯೊಳಗೆ ಹೊಕ್ಕು ಹನ್ನೊಂದನೆಯ ಸಾಲನ್ನು ತಿದ್ದತೊಡಗಿದೆ. ಉಳಿದ ಚೂರುಗಳನ್ನು ಚಿಮಟದಿಂದ ತೆಗೆದೆ, ಕೈ ಮೀರಿದ ಹೂವುಗಳನ್ನು ಚಿವುಟಿ ಹಾಕಿದೆ. ಮಧ್ಯಾಹ್ನ ಎಲ್ಲರೂ ಊಟಕ್ಕೆ ಕುಳಿತಾಗ ವಹಿ ನೋಡುವ ನೆಪದಲ್ಲಿ ಒಳಗೆ ಹೋಗಿ, ಅವರಿಂದ ಬಿಟ್ಟುಹೋದ ಹೂವುಗಳಿಗೆ ನಾನೇ ಪುಡಿ ಹಚ್ಚಿ ಹಸಿರೆಲೆ ಕತ್ತರಿಸಿ ಗುರುತು ಮಾಡಿದೆ. ನಿಮಗೆ ಸುಳ್ಳು ಹೇಳಲಾರೆ, ಆ ಹದಿನೈದು ದಿನ ನನಗೆ ಪರಮ ಸುಖವಾಗಿತ್ತು. ಉಪಕಾರ ಮಾಡುತ್ತಿದ್ದೇನೆಂಬ ಸುಖ ಒಂದು. ಅದಕ್ಕಿಂತ ದೊಡ್ಡದು, ಬೆರಳಿಗೆ ಮತ್ತೆ ಮೊಗ್ಗು ಸಿಕ್ಕ ಸುಖ. ಖಾಲಾನ ಕಣ್ಣಿನ ಮಬ್ಬಿನಲ್ಲಿ ನಾನು ನನ್ನ ಹಳೆಯ ಕೆಲಸಕ್ಕೆ ಕಳ್ಳದಾರಿ ಮಾಡಿಕೊಂಡಿದ್ದೆ.

ಹದಿನಾರನೆಯ ದಿನ ಆಫೀಸರರು ಬಂದರು. ಹನ್ನೊಂದನೆಯ ಸಾಲಿನಲ್ಲಿ ಅವರು ಇಪ್ಪತ್ತು ಹೂವು ನೋಡಿ ಇಪ್ಪತ್ತೂ ಸರಿಯಾಗಿದ್ದುದನ್ನು ಕಂಡು ಎಲ್ಲರನ್ನೂ ಕರೆದರು. “ವಯಸ್ಸಾದವರ ಕೆಲಸ ಹೆಂಗೈತಿ ನೋಡ್ರಿ. ಇವರನ್ನ ನೋಡಿ ಕಲೀರಿ” ಎಂದರು. ಖಾಲಾ ತಲೆ ತಗ್ಗಿಸಿ ಸೆರಗಿನ ಅಂಚು ಹಿಸುಕುತ್ತಿದ್ದರು. ವಿನಯವೆಂದುಕೊಂಡೆ.

ಆಮೇಲೆ ಆರನೆಯ ಸಾಲಿಗೆ ಹೋದರು. ಅದು ಗಂಗವ್ವನದು. ಹತ್ತು ಹೂವಿನಲ್ಲಿ ಮೂರರಲ್ಲಿ ಚೂರು. ಇನ್ನೂ ಹತ್ತರಲ್ಲಿ ಎರಡು. ಆಫೀಸರರು ದನಿ ಏರಿಸುವವರಲ್ಲ, ತಣ್ಣಗೆ, “ಇವರನ್ನ ನಾಳಿಂದ ಕಳೆ ತಗಿಯಾಕ ಹಾಕ್ರಿ ಮೇಡಂ. ಹೂವಿನ ಕೆಲಸ ಬ್ಯಾಡ” ಎಂದರು. ಕೈಯಲ್ಲಿ ವಿದ್ಯೆ ಇದ್ದವಳನ್ನು ಎಲ್ಲರೆದುರು ಕಳೆಗೆ ಹಾಕುವುದೆಂದರೆ ಏನೆಂದು ಬಲೆಯೊಳಗಿದ್ದ ಪ್ರತಿಯೊಬ್ಬಳಿಗೂ ಗೊತ್ತಿತ್ತು. ನನ್ನ ಬಾಯಿ ಆಗ ತೆರೆಯಿತು. “ಆತ್ರಿ ಸರ್” ಎಂದೆ. ಸೂಪರ್‌ಬಾಯಿ ಆಡಿದ ಮೊದಲ ತೂಕದ ಮಾತು ಅದು.

ಆಫೀಸರರ ಬೈಕು ಹೆದ್ದಾರಿಗೆ ಹತ್ತಿದ ಮೇಲೆ ಗಂಗವ್ವ ನನ್ನೆದುರು ಬಂದು ನಿಂತಳು. ಕಣ್ಣಲ್ಲಿ ನೀರಿರಲಿಲ್ಲ.

“ಹದಿನೈದ ದಿನದಾಗ ನೀ ನನ್ನ ಸಾಲಿಗೆ ಎಷ್ಟ ಸಲ ಬಂದಿ, ಹೇಳ ನೋಡೂನು” ಎಂದಳು.

ನಾನು ವಹಿಯ ಹಾಳೆ ತಿರುವಿದೆ.

“ಒಮ್ಮೆನೂ ಬರಲಿಲ್ಲ. ಬಂದು ಹಿಂಗಾಗಾಕತ್ತೈತಿ ಅಂತ ಅಂದಿದ್ದರ ನಾ ತಿದ್ಕೋತಿದ್ನಿಲ್ಲೇನು? ಕೈಯಾಗ ವಹಿ ಹಿಡಕೊಂಡು ಎಲ್ಲಿ ಅಡ್ಡಾಡತಿದ್ದಿ?”

ಅಷ್ಟು ನಾಚಿಕೆಯ ನಡುವೆಯೂ ನನ್ನ ಕಿವಿ ಒಂದನ್ನು ಗಮನಿಸಿತು: ಅವಳು ‘ನೀ’ ಎಂದಿದ್ದಳು. ಬೇಲಿ ಬಿದ್ದಿತ್ತು. ಬಿದ್ದದ್ದು ನನ್ನ ಮೇಲೆಯೇ ಎಂಬುದು ಬೇರೆ ಮಾತು.

ಅಂದು ಮಧ್ಯಾಹ್ನ ಖಾಲಾ ನೀರಿನ ನಲ್ಲಿಯ ಹತ್ತಿರ ನನ್ನನ್ನು ಕರೆದರು. ಕೈ ತೊಳೆದುಕೊಂಡು, ಸೆರಗಿಗೆ ಒರೆಸಿಕೊಂಡು, ನನ್ನ ಮುಖದ ಕಡೆ ಅಂದಾಜಿನಲ್ಲಿ ನೋಡುತ್ತ ಕೇಳಿದರು:

“ನನ್ನ ಸಾಲಿನಾಗ ಕೈ ಆಡಿಸಾಕತ್ತು ಎಷ್ಟ ದಿನ ಆತು?”

“ಯಾರ್ರಿ ಖಾಲಾ?”

“ಸುಳ್ಳ ಹೇಳಬ್ಯಾಡ. ನಾ ಹೂವಿನ ಎಲಿ ಸೀದಾ ಕತ್ತರಸ್ತೇನಿ, ನೀ ವಾರಿ ಕತ್ತರಸ್ತಿ. ಎಷ್ಟ ಬೈದರೂ ಅದನ್ನ ಬಿಡಲಿಲ್ಲ ನೀ. ಕಣ್ಣಿಗೆ ಕಾಣಲಿಲ್ಲಂದ್ರ ಬಟ್ಟಿಗೆ ತಿಳಿಯೂದಿಲ್ಲೇನು?”

ಬಟ್ಟು ಎಂದರೆ ಬೆರಳು. ಅವರ ಬೆರಳು ಸಾಲಿನುದ್ದಕ್ಕೂ ನನ್ನ ಓರೆ ಕತ್ತರಿಯನ್ನು ಓದಿಕೊಂಡು ಬಂದಿತ್ತು. ಬರೆಯಲು ಬಾರದವರೆಂದು ಕಂಪನಿ ಬದಿಗಿಟ್ಟವರ ಬೆರಳು ಅದು.

“ನಿಮಗ ಬ್ಯಾಸರ ಆಗಬಾರದು ಅಂತ ಹೇಳಲಿಲ್ರಿ” ಎಂದೆ.

“ಬ್ಯಾಸರ ಆಗಬಾರದು ಅಂತ ಬೆನ್ನ ಹಿಂದ ಬಂದು ನನ್ನ ಕೆಲಸ ತಿದ್ದಿದಿ. ಅವರ ಮುಂದ ನನ್ನ ನಿಲ್ಲಿಸಿ ನಿನ್ನ ಕೈಗೆ ನನ್ನ ಹೆಸರ ಹೇಳಿಸಿದಿ.” ಅವರು ನಲ್ಲಿಯನ್ನು ಬಿಗಿಯಾಗಿ ತಿರುಗಿಸಿದರು. “ಮೊದಲನೇ ದಿನಾನ ಗೊತ್ತಾಗಿತ್ತು ನನಗ. ಇವತ್ತ ಹೇಳ್ತಿ, ನಾಳೆ ಹೇಳ್ತಿ ಅಂತ ಹದಿನೈದ ದಿನ ಕಾದೆ. ನಾನ ಹೇಳೂನಂದ್ರ ನನಗೂ ಬಾಯಿ ಬರಲಿಲ್ಲ ಬೇಟಿ. ಕಣ್ಣ ಹೋಗೇತಿ ಅಂತ ಯಾರರೆ ತಾವಾಗಿ ಹೇಳ್ತಾರೇನು? ನೀ ಸೂಪರ್‌ಬಾಯಿ ಆದಾಗ ನಾ ಖುಷಿ ಪಟ್ಟಿದ್ದೆ. ಈಕಿ ಹೇಳ್ತಾಳ, ಇನ್ನ ಚಿಂತಿಲ್ಲ ಅಂತ.”

ಹೇಳಬೇಕಾದ ಮಾತೊಂದು ಉಳಿದಿತ್ತು. ಹದಿನೈದು ದಿನ ತಡವಾಗಿ ಅದನ್ನು ಹೇಳಿದೆ.

“ಖಾಲಾ, ನಿಮ್ಮ ಸಾಲಿನಾಗ ಹತ್ತಕ್ಕ ನಾಕು ತಪ್ಪ ಆಗಾಕತ್ತಾವ್ರಿ. ಕಣ್ಣ ತೋರಿಸಿಕೊಳ್ಳೂ ತನಕಾ ನೀವು ಹೂವು ಮುಟ್ಟಬ್ಯಾಡ್ರಿ.”

ಖಾಲಾ ಒಂದು ಸಲ ತಲೆಯಾಡಿಸಿದರು. ಜೇಬಿಲ್ಲದ ಅವರು ಚಿಮಟವನ್ನು ಯಾವಾಗಲೂ ಸೊಂಟಕ್ಕೆ ಸಿಕ್ಕಿಸಿಕೊಂಡಿರುತ್ತಿದ್ದರು. ಅದನ್ನು ತೆಗೆದು ನನ್ನ ಅಂಗೈಯಲ್ಲಿಟ್ಟರು. ಆಮೇಲೆ ಒಂದು ಬುಟ್ಟಿ ತೆಗೆದುಕೊಂಡು ಹನ್ನೊಂದನೆಯ ಸಾಲಿಗೆ ಹೋದರು. ನಾನು ಕೈ ಆಡಿಸಲು ಶುರು ಮಾಡುವುದಕ್ಕೆ ಮುಂಚೆ ಕಟ್ಟಿದ್ದ ಕಾಯಿಗಳಲ್ಲಿ ಯಾವುದು ಸರಿ, ಯಾವುದು ತಪ್ಪು ಎಂದು ಇನ್ನು ಯಾರೂ ಹೇಳಲಾರರು, ಅವೆಲ್ಲ ಹೋಗಬೇಕು. ನಾನು ಬೇರೆಯವರನ್ನು ಕರೆಯುತ್ತೇನೆಂದೆ. “ನನ್ನ ತಪ್ಪ ನಾನ ಹರೀತೇನಿ” ಎಂದರು. ಓರೆ ಕತ್ತರಿಯ ಕಾಯಿಗಳನ್ನು ಬೆರಳಿನಿಂದ ಗುರುತಿಸಿ ಉಳಿಸುತ್ತ, ನೆಟ್ಟಗೆ ಕತ್ತರಿಸಿದ ತಮ್ಮ ಹಳೆಯ ಕಾಯಿಗಳನ್ನು ಒಂದೊಂದಾಗಿ ಹರಿದು ಬುಟ್ಟಿಗೆ ಹಾಕಿದರು. ನಾನು ಪಕ್ಕದಲ್ಲಿ ನಿಂತಿದ್ದೆ. ಕೈ ಹಚ್ಚಲಿಲ್ಲ. ಕೈ ಹಚ್ಚದೆ ನಿಲ್ಲುವುದೂ ಒಂದು ಕೆಲಸವೆಂದು, ಅದು ನಾನು ಕಲಿತ ಎಲ್ಲ ಕೆಲಸಗಳಿಗಿಂತ ಕಷ್ಟದ್ದೆಂದು ಆ ಸಂಜೆ ಗೊತ್ತಾಯಿತು.

ಮರುದಿನ ಆಫೀಸರರಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ನೀವು ಹೊಗಳಿದ ಸಾಲು ನನ್ನದು. ನೀವು ಕಳೆಗೆ ಹಾಕಿದವಳನ್ನು ಕೆಡಿಸಿದವಳೂ ನಾನೇ, ಅವಳ ಸಾಲನ್ನು ನಾನು ನೋಡಿರಲಿಲ್ಲ. ಕುರ್ಚಿ ಹೋಗುತ್ತದೆಂದು ತಿಳಿದೇ ಹೇಳಿದ್ದೆ, ಹೋದರೆ ಮತ್ತೆ ಹೂವಿನ ಮುಂದೆ ನಿಲ್ಲಬಹುದೆಂಬ ಸಣ್ಣ ಆಸೆಯೂ ಇತ್ತು. ಅವರು ನೊಂದ ದನಿಯಲ್ಲಿ, “ಕೈ ಹಚ್ಚಬ್ಯಾಡ್ರಿ ಅಂತ ಹೇಳಿದ್ದೆನಲ್ರಿ ಮೇಡಂ” ಎಂದರು. ನಾನು ಮಾಡಿದ ತಪ್ಪುಗಳಲ್ಲಿ ಅವರಿಗೆ ಕಂಡದ್ದು ನಾನು ಸರಿಯಾಗಿ ಮಾಡಿದ ಒಂದೇ ಕೆಲಸ. ಕುರ್ಚಿಯ ಮಾತೆತ್ತದೆ, ಗಂಗವ್ವನನ್ನು ಒಂದು ವಾರ ನೋಡಿ ನಿರ್ಧರಿಸೋಣವೆಂದರು. ಆ ವಾರವೆಲ್ಲ ನಾನು ದಿನಕ್ಕೆರಡು ಸಲ ಅವಳ ಸಾಲಿಗೆ ಹೋಗಿ ಕಂಡದ್ದನ್ನು ಕಂಡಂತೆ ಹೇಳಿದೆ. ಅವಳು ಗೊಣಗುತ್ತ ತಿದ್ದಿಕೊಂಡಳು. ಎಂಟನೆಯ ದಿನಕ್ಕೆ ಹೇಳಲು ಏನೂ ಉಳಿದಿರಲಿಲ್ಲ.

ಖಾಲಾನ ಕಣ್ಣಿಗೆ ಹಾವೇರಿಯ ದವಾಖಾನೆಯಲ್ಲಿ ಆಪರೇಷನ್ ಆಯಿತು. ಕರೆದುಕೊಂಡು ಹೋದವರು ನಾನು, ಗಂಗವ್ವ ಇಬ್ಬರೂ. ಪಟ್ಟಿ ಬಿಚ್ಚಿದ ದಿನ ಅವರು ಮೊದಲು ನನ್ನ ಮುಖ ನೋಡಿ, “ಇಷ್ಟ ಕರೀ ಆಗೀ ಏನ?” ಎಂದರು. ಬಿಸಿಲಿನ ಕೆಲಸವಲ್ಲವೇ ಖಾಲಾ ಎಂದು ನಾನು ಹೇಳುವುದಕ್ಕೆ ಮುಂಚೆ ಗಂಗವ್ವ, “ಮೊದಲಿಂದ ಹಂಗ ಅದಾಳ್ರಿ, ನಿಮಗ ಕಾಣತಿದ್ದಿಲ್ಲ” ಎಂದಳು.

ಅವರು ಮತ್ತೆ ಬಲೆಗೆ ಬಂದಾಗ ಹೊಸ ಬೆಳೆಗೆ ಮೊಗ್ಗು ಬಂದಿತ್ತು. ಮೊದಲ ದಿನ ಒಂದು ಸಾಲನ್ನು ಪೂರ್ತಿ ಮುಗಿಸಿ, ಕಪ್ಪು ಕನ್ನಡಕ ಸರಿಪಡಿಸಿಕೊಂಡು ಬದಿಗೆ ನಿಂತರು. ನಾನು ಎಲ್ಲರ ಸಾಲು ನೋಡುವಂತೆಯೇ ಅವರದನ್ನೂ ನೋಡುತ್ತ ಬಂದೆ. ಇಪ್ಪತ್ತು ಹೂವು, ಮೂವತ್ತು ಹೂವು, ಎಲ್ಲವೂ ಮುತ್ತು. ಒಂದು ಗಿಡದ ಕೆಳಗಿನ ಟೊಂಗೆಯ ಬಳಿ ನಿಂತೆ. ಅಕ್ಕಪಕ್ಕದ ಸಾಲಿನ ಹೆಂಗಸರ ಕೈಗಳು ನಿಂತವು. ಹೊಸ ಕಣ್ಣು ಬಂದ ಮೊದಲ ದಿನ, ಬಿಟ್ಟುಬಿಡಬಹುದಿತ್ತು.

“ಖಾಲಾ, ಇದರಾಗ ಒಂದ ಚೂರು ಉಳದೈತ್ರಿ” ಎಂದೆ, ಎಲ್ಲರಿಗೂ ಕೇಳುವ ದನಿಯಲ್ಲೇ.

ಖಾಲಾ ಹತ್ತಿರ ಬಂದು, ಬಗ್ಗಿ ನೋಡಿ, ಚೂರನ್ನು ತೆಗೆದರು. ಮುಖದಲ್ಲಿ ಸಿಟ್ಟೂ ಇರಲಿಲ್ಲ, ಸಂಕೋಚವೂ ಇರಲಿಲ್ಲ.

“ಹೇಳ್ತಿಯೋ ಇಲ್ಲೋ ನೋಡಬೇಕಂತ ಬೇಕಂತಲೇ ಎರಡ ಬಿಟ್ಟಿದ್ದೆ” ಎಂದರು. “ಒಂದ ಸಿಕ್ತು.”

ಇನ್ನೊಂದು ನನಗೆ ಸಿಗಲು ಅರ್ಧ ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಅವರು ಕೈ ಕಟ್ಟಿಕೊಂಡು ನನ್ನ ಹಿಂದೆ ನಿಂತಿದ್ದರು, ಎಲ್ಲಿದೆ ಎಂದು ಹೇಳಲಿಲ್ಲ.